ಒಗೆಯದ ಕೋಟಿನ ವರ್ಷ

ಮೊನ್ನೆ ಬೀದರಿನ ಹಳೇ ಊರಿನಲ್ಲಿ ಒಂದು ಮನೆ ಕೆಡವುತ್ತಿದ್ದರು. ಹಿಂದಿನ ಕಾಲದ ಗಚ್ಚಿನ ಗೋಡೆ. ಹಾರೆ ಬಿದ್ದಲ್ಲೆಲ್ಲ ಬಿಳಿ ಧೂಳು ಎದ್ದು ಓಣಿ ತುಂಬಿತ್ತು. ಸ್ಕೂಟರ್ ನಿಲ್ಲಿಸಿ, ಜೇಬಿನಲ್ಲಿ ಸದಾ ಇರುವ ಮಾಸ್ಕ್ ಕಟ್ಟಿಕೊಂಡು, ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿಯ ಹತ್ತಿರ ಹೋದೆ.

"ಮೊದಲ ನೀರ್ ಹೊಡೀರಿ, ಆಮ್ಯಾಗ ಹಾರಿ ಹಾಕ್ರಿ. ಈ ಮಂದಿ ಎದಿಯೊಳಗ ಗಚ್ಚು ಬಡೀಲಿಕ್ಕ ಹತ್ತೀರೇನು?"

ಅವನು ನನ್ನ ಮುಖ ನೋಡಿ ಏನೋ ಅನ್ನಲು ಹೋದ, ಖಾಕಿ ನೋಡಿ ಬಿಟ್ಟ. ನೀರಿನ ಪೈಪು ಬಂತು. ನೀರು ಬಿದ್ದ ಕೂಡಲೇ ಹಸಿ ಸುಣ್ಣದ ವಾಸನೆ ಎದ್ದಿತು. ಆ ವಾಸನೆ ನನ್ನನ್ನು ನೇರ ಔರಾದಕ್ಕೆ, ಟೆಲಿಫೋನಿನ ಮುಂದೆ ಕೂತು ಕಳೆದ ಒಂದು ವರ್ಷಕ್ಕೆ ಒಯ್ದಿತು. ನೌಕರಿಗೆ ಸೇರಿದ ಮೇಲೆ ನಾನು ಒಂದು ಕಡ್ಡಿಯಷ್ಟು ಬೆಂಕಿಯನ್ನೂ ಆರಿಸದ ವರ್ಷ ಅದೊಂದೇ. ನಾನು ಗೆದ್ದ ವರ್ಷವೂ ಅದೇ.

ನಾನು ಶಿವರಾಜ, ಅಗ್ನಿಶಾಮಕ ದಳದವನು. ಬೆಂಕಿ ಆರಿಸುವ ಗಾಡಿಯ ಪಂಪು ನಡೆಸುವುದು, ಒತ್ತಡದ ಮುಳ್ಳು ನೋಡಿ ದಾಖಲೆ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ನಮ್ಮದು ಔರಾದ ಕಡೆಯ ಕುರಿ ಸಾಕುವ ಮನೆತನ. ಬಯಲಿನಲ್ಲಿ ಕುರಿಯ ಹಿಂದೆ ಓಡಿ ಬೆಳೆದವನಾದ್ದರಿಂದ ನನ್ನ ಎದೆಯ ಮೇಲೆ ನನಗೆ ಭಾರಿ ಸೊಕ್ಕು. ಬೀದರ್ ಠಾಣೆಯಲ್ಲಿ ನನ್ನಷ್ಟು ಜೋರಾಗಿ ಸೀಟಿ ಊದುವವರು ಯಾರೂ ಇರಲಿಲ್ಲ.

ಔರಾದಕ್ಕೆ ಹೋಗುವ ಹಿಂದಿನ ಮಳೆಗಾಲದಲ್ಲಿ ಭಾಲ್ಕಿಯಲ್ಲಿ ಎಂಟು ದಿನ ಬಿಡದೆ ಮಳೆ ಹೊಡೆದು ಹಳೆಯ ಎರಡಂತಸ್ತಿನ ಗೋದಾಮೊಂದು ಕುಸಿಯಿತು. ಒಳಗೆ ತೊಗರಿ ಬೇಳೆ ಹಸನು ಮಾಡುತ್ತಿದ್ದ ಹೆಂಗಸರಲ್ಲಿ ಒಬ್ಬಳನ್ನು ಬಿಟ್ಟು ಉಳಿದವರು ಓಡಿ ಹೊರಗೆ ಬಂದಿದ್ದರು. ಒಳಗುಳಿದವಳ ಹೆಸರು ಗುಂಡಮ್ಮ. ಹೊರಗೆ ಮಳೆ, ಒಳಗೆ ಬಾಯಿಗೆ ಬಂದು ತುಂಬುವ ಒಣ ಧೂಳು. ಸುಣ್ಣ, ತೊಗರಿ ಹೊಟ್ಟು, ಎಷ್ಟೋ ವರ್ಷದ ಚೀಲದ ಪುಡಿ ಎಲ್ಲ ಸೇರಿತ್ತು.

ಅವಶೇಷದ ಕೆಳಗೆ ಜೀವ ಹುಡುಕುವಾಗ ನಮ್ಮದೊಂದು ಪದ್ಧತಿ ಇದೆ. ಮೂರು ಸಲ ಸೀಟಿ ಊದಬೇಕು. ಸೀಟಿ ಕೇಳಿದ ಕೂಡಲೇ ಮೇಲಿದ್ದವರೆಲ್ಲ ಗಾಡಿ, ಹಾರೆ, ಮಾತು ಎಲ್ಲ ನಿಲ್ಲಿಸಿ ಸುಮ್ಮನಾಗಬೇಕು. ಒಳಗಿನಿಂದ ಉತ್ತರ ಬರುತ್ತದೋ ಎಂದು ಕಿವಿಗೊಡಬೇಕು. ಮಾಸ್ಕ್ ಕಟ್ಟಿಕೊಂಡು ಸೀಟಿ ಊದಲು ಬರುವುದಿಲ್ಲವಲ್ಲ, ನಾನು ಮಾಸ್ಕ್ ತೆಗೆದು ಕೊರಳಿಗೆ ಇಳಿಸಿದೆ. ಊದಿದೆ. ಸ್ವಲ್ಪ ಹೊತ್ತಿಗೆ ಕಲ್ಲಿನ ಕೆಳಗಿನಿಂದ ಕಬ್ಬಿಣದ ಸದ್ದು ಬಂತು, ಟಕ್ ಟಕ್ ಟಕ್. ಗುಂಡಮ್ಮನ ಕೈಯಲ್ಲಿ ಬೇಳೆ ಅಳೆಯುವ ಸೇರು ಇತ್ತು, ಅದರಿಂದ ಕಲ್ಲಿಗೆ ಬಡಿಯುತ್ತಿದ್ದಳು. ಅಲ್ಲಿಂದ ಆರು ತಾಸು ನಾನು ಊದುವುದು, ಅವಳು ಬಡಿಯುವುದು. ಕೊರಳಿಗಿಳಿದ ಮಾಸ್ಕ್ ಮತ್ತೆ ಮೇಲೇರಲೇ ಇಲ್ಲ. ಕೊನೆಗೆ ಆಕೆಯನ್ನು ಜೀವಂತ ಎತ್ತಿಕೊಂಡು ಹೊರಬಂದಾಗ ನನ್ನ ಕೋಟಿನ ಹೆಗಲು ಹರಿದಿತ್ತು, ಮೈಯೆಲ್ಲ ಬಿಳಿಯಾಗಿತ್ತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಹೆಂಡತಿಗೆ ಹೇಳಿ ಬೈಸಿಕೊಂಡಿದ್ದೇನೆ.

ನಮ್ಮ ತಂಡದ ಹಿರಿಯ ಬಾಬುಮಿಯಾ. ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಠಾಣೆಗೆ ಮರಳಿದ ಮೇಲೆ ನಾನು ಕೋಟನ್ನು ಬಕೆಟ್ಟಿಗೆ ಹಾಕಲು ಹೋದರೆ ಅವರು ಕೈ ಹಿಡಿದರು.

"ಶಿವ್ಯಾ, ಜೀವಂತ ಮನಷ್ಯಾನ್ನ ಹೊತ್ತು ತಂದ ಕೋಟ್ ಅದ. ಆಕಿ ತನ್ನ ಕಾಲ್ಮ್ಯಾಲ ನಡಕೊಂಡು ಠಾಣಿ ಬಾಗಲಕ್ಕ ಬರೂ ತನಕ ಒಗೀಬಾರದು. ನಮ್ ಉಸ್ತಾದ್ರು ನಮಗ ಹೇಳಿದ್ರು."

ಹೀಗೊಂದು ರೂಢಿ ನಮ್ಮಲ್ಲಿತ್ತು. ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ್ದು, ಆದರೆ ಯಾರೂ ಮೀರದ್ದು. ಬದುಕಿ ಬಂದವರು ಹೆಚ್ಚಾಗಿ ವಾರ ಹದಿನೈದು ದಿನದಲ್ಲಿ ಪೇಢೆ ಹಿಡಿದುಕೊಂಡು ಬರುತ್ತಿದ್ದರು, ಕೋಟು ನೀರು ಕಾಣುತ್ತಿತ್ತು. ಗುಂಡಮ್ಮ ಬರಲಿಲ್ಲ. ಕಾಲು ಮುರಿದಿದೆ, ಬರುತ್ತಾಳೆ ಅಂದುಕೊಂಡೆ. ಹರಿದ ಕೋಟನ್ನು ಇಲಾಖೆಯವರು ನಿರುಪಯೋಗಿ ಎಂದು ಬಿಟ್ಟರು, ನಾನು ಮನೆಗೆ ತಂದು ಮಲಗುವ ಕೋಣೆಯ ಗೂಟಕ್ಕೆ ಹಾಕಿದೆ. ಬಂದವರಿಗೆಲ್ಲ ತೋರಿಸುತ್ತಿದ್ದೆ. ಸೊಕ್ಕು ಅಂದೆನಲ್ಲ.

ಕೆಮ್ಮು ಸುರುವಾದದ್ದು ಎರಡು ವಾರಕ್ಕೆ. ಥಂಡಿ ಅಂದೆ. ಚಳಿಗಾಲದಲ್ಲಿ ಎದೆಯೊಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು ಬಂತು. ಯಾರಿಗೂ ಹೇಳಲಿಲ್ಲ. ಉಸಿರು ತೀರಾ ಸಿಕ್ಕಿಕೊಂಡಾಗ ಔಷಧಿ ಅಂಗಡಿಯಿಂದ ತಂದ ನೀಲಿ ಇನ್ಹೇಲರ್ ಎಳೆದುಕೊಂಡು ಮತ್ತೆ ಜೇಬಿಗೆ ಇಡುತ್ತಿದ್ದೆ. ಬಾಬುಮಿಯಾ ಅವರೂ ಕೆಮ್ಮುತ್ತಿದ್ದರು, ಕೆಮ್ಮು ನಿಂತ ಮೇಲೆ ಬೀಡಿ ಹಚ್ಚುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಹೇಳಿದರೆ ಗಾಡಿಯಿಂದ ಇಳಿಸಿಬಿಡುತ್ತಾರೆ ಎಂಬ ಭಯ ಇಬ್ಬರಿಗೂ ಒಂದೇ ಇತ್ತು.

ಮುಂದಿನ ಜೂನಿನಲ್ಲಿ, ಮಿರಗದ ಮಳೆಗೆ, ದೇಹದಾರ್ಢ್ಯ ಪರೀಕ್ಷೆ ಬಂತು. ಹೆಗಲ ಮೇಲೆ ನೀರಿನ ಪೈಪಿನ ಸುರುಳಿ ಹೊತ್ತು ನಾಲ್ಕಂತಸ್ತಿನ ತಾಲೀಮು ಗೋಪುರ ಹತ್ತಬೇಕು, ತುದಿಯಲ್ಲಿ ನಿಂತು ಮೂರು ಸೀಟಿ ಊದಬೇಕು. ಹತ್ತಿದೆ. ಕಣ್ಣು ಕತ್ತಲೆ ಬಂದರೂ ಹತ್ತಿದೆ. ಸೀಟಿ ತುಟಿಗಿಟ್ಟು ಊದಿದರೆ ಸದ್ದೇ ಬರಲಿಲ್ಲ. ಕೆಳಗೆ ಇಡೀ ಠಾಣೆ ತಲೆಯೆತ್ತಿ ನಿಂತಿತ್ತು. ಇನ್ನೊಮ್ಮೆ ಊದಿದೆ, ಹಾವು ಬುಸುಗುಟ್ಟಿದ ಹಾಗೆ ಗಾಳಿ ಮಾತ್ರ ಬಂತು. ನಾನು ಅಲ್ಲೇ ಕೂತುಬಿಟ್ಟೆ. ನಾಚಿಕೆಗೆ ಅತ್ತೆ, ಸುಳ್ಳೇಕೆ ಹೇಳಲಿ.

ನಮ್ಮ ಸಾಹೇಬರು ಒಳ್ಳೆಯವರು. ಕೂಡಿಸಿ ಚಹಾ ಕೊಟ್ಟು ಹೇಳಿದರು: "ಶಿವರಾಜ, ಒಂದು ವರ್ಷ ಔರಾದಕ್ಕ ಹೋಗ್ರಿ. ಅಲ್ಲಿ ಟೆಲಿಫೋನ್ ಮ್ಯಾಲ ಕೂಡ್ರಿ, ದವಾಖಾನಿಗೆ ತೋರಸ್ಕೋರಿ. ಬರೂ ಮಿರಗಕ್ಕ ಮತ್ತ ಪರೀಕ್ಷಾ ಮಾಡ್ತೇವಿ. ಆವಾಗೂ ಆಗ್ಲಿಲ್ಲ ಅಂದ್ರ, ನಿವೃತ್ತಿ ತನಕ ಟೆಲಿಫೋನ ನೋಡ್ರಿ."

ಸಾಮಾನು ಕಟ್ಟಿಕೊಂಡು ಔರಾದಕ್ಕೆ ಹೋದೆವು. ಕೋಟೂ ಬಂತು, ಅಲ್ಲಿಯೂ ಗೂಟ ಸಿಕ್ಕಿತು. ನನ್ನ ಹೆಂಡತಿ ಸುನೀತಾ ಕಮಲನಗರದವಳು. ಮನೆಯಲ್ಲಿ ಮರಾಠಿ, ಸಾಲೆಯಲ್ಲಿ ಕನ್ನಡ ಕಲಿತವಳು, ನನ್ನ ಜೊತೆ ಜಗಳಕ್ಕೆ ಎರಡನ್ನೂ ಬಳಸುತ್ತಾಳೆ. ಅವಳೇ ನನ್ನನ್ನು ಬಸ್ಸು ಹತ್ತಿಸಿ ಬೀದರಿನ ಡಾಕ್ಟರ್ ಬಾಯಿಯ, ಅಂದರೆ ಡಾಕ್ಟರಮ್ಮನ, ಹತ್ತಿರ ಎಳೆದೊಯ್ದಳು. ಆ ಡಾಕ್ಟರ್ ನನ್ನ ನೀಲಿ ಇನ್ಹೇಲರ್ ಕೈಯಲ್ಲಿ ಹಿಡಿದು ಕೇಳಿದರು:

"ನಿಮ್ ಬೆಂಕಿ ಗಾಡಿ ಎಷ್ಟ್ ದಿನಕ್ಕೊಮ್ಮೆ ಸುರು ಮಾಡಿ ನೋಡ್ತೀರಿ?"

"ದಿನಾ ಮುಂಜಾನಿ ನೋಡ್ತೇವ್ರಿ. ಪಂಪ್ ಹಾಕಿ, ಪ್ರೆಶರ್ ಬರಕೋತೇವಿ."

"ದಿನಾ ಬೆಂಕಿ ಬೀಳ್ತದೇನು?"

"ಇಲ್ರಿ."

"ಮತ್ತ ನಿಮ್ ಎದಿಗೆ ಬೆಂಕಿ ಬಿದ್ದಾಗಷ್ಟ ಯಾಕ ಔಷಧ ಎಳೀತೀರಿ? ಇದು ಬೆಂಕಿ ಬಿದ್ದಾಗಿಂದು. ದಿನಾ ತೊಗೊಳ್ಳೂದು ಬ್ಯಾರೆ ಅದ, ಅದು ನಿಮ್ ಕಡಿ ಇಲ್ಲೇ ಇಲ್ಲ."

ನಮ್ಮ ಕೆಲಸದವನೇ ಮಾಡುವಂಥ ತಪ್ಪು. ಗಂಟೆ ಬಡಿದರೆ ಮಾತ್ರ ಓಡುವುದು ನಮಗೆ ರಕ್ತದಲ್ಲಿ ಸೇರಿಬಿಟ್ಟಿದೆ. ಅವರು ಮುಂದುವರಿಸಿದರು. ಧೂಳು ಒಮ್ಮೆ ಒಳಗೆ ಹೋಗಿದೆ, ಅದನ್ನು ಈಗ ತೆಗೆಯಲಾಗದು. ಆದರೆ ಮುಂದಿನ ಹತ್ತಿಪ್ಪತ್ತು ವರ್ಷ ನಾನು ಹೇಗಿರುತ್ತೇನೆ ಎನ್ನುವುದು ಆ ಒಂದು ದಿನದ ಮೇಲಷ್ಟೇ ನಿಂತಿಲ್ಲ. ಔಷಧ ದಿನಾ ತೆಗೆದುಕೊಳ್ಳುತ್ತೇನೋ ಇಲ್ಲವೋ, ಮತ್ತೆ ಧೂಳಿಗೆ ಹೋಗುತ್ತೇನೋ, ಹೊಗೆ ಸೇದುತ್ತೇನೋ, ಖಾರ ತಿಂದು ಕೂಡಲೇ ಅಡ್ಡಾಗುತ್ತೇನೋ, ಕೆಟ್ಟ ಕನಸು ಬೀಳುತ್ತವೋ, ಅದನ್ನು ಯಾರಿಗಾದರೂ ಹೇಳಿಕೊಳ್ಳುತ್ತೇನೋ, ಎಲ್ಲ ಸೇರಿ ತೀರ್ಮಾನವಾಗುತ್ತದೆ. ಕನಸಿನ ಮಾತಿಗೆ ಸುನೀತಾ ನನ್ನ ಮುಖ ನೋಡಿದಳು. ಗೋಡೆ ಮೈಮೇಲೆ ಬರುವ ಕನಸು ನನಗೆ ವಾರಕ್ಕೆ ಮೂರು ಸಲ ಬೀಳುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ದಿನದ ಇನ್ಹೇಲರ್ ಜೊತೆ ಅವರು ಕೊಟ್ಟ ವಸ್ತುಗಳಲ್ಲಿ ನನಗೆ ಹಿಡಿಸಿದ್ದು ಊದುವ ಒಂದು ಪ್ಲಾಸ್ಟಿಕ್ ಕೊಳವೆ. ಜೋರಾಗಿ ಊದಿದರೆ ಕೆಂಪು ಮುಳ್ಳು ಸರಿದು ಎದೆಯ ಬಲ ತೋರಿಸುತ್ತದೆ. ಮುಳ್ಳು ನೋಡಿ ಬರೆಯುವುದು ನನ್ನ ಹುಟ್ಟುಗುಣವೇ ಆಗಿಹೋಗಿತ್ತು. ಹೊಸ ಪುಸ್ತಕ ತಂದು ಗೆರೆ ಎಳೆದು ದಿನಾ ಮುಂಜಾನೆ ಊದಿದ್ದು ಬರೆದಿಟ್ಟೆ. ಎರಡು ತಿಂಗಳಾದ ಮೇಲೆ ಪುಟ ತಿರುವಿದರೆ ಒಂದು ವಿಚಿತ್ರ ಕಂಡಿತು. ನನ್ನ ಪಾಳಿ ಒಂದು ದಿನ ಠಾಣೆ, ಒಂದು ದಿನ ಮನೆ. ಠಾಣೆಯಲ್ಲಿ ಮಲಗಿ ಎದ್ದ ಮುಂಜಾನೆ ಮುಳ್ಳು ಮುನ್ನೂರೈವತ್ತು. ಮನೆಯಲ್ಲಿ ಮಲಗಿ ಎದ್ದ ಮುಂಜಾನೆ ಇನ್ನೂರೆಪ್ಪತ್ತು. ಒಂದು ಸಲವೂ ತಪ್ಪಿರಲಿಲ್ಲ.

"ಮನ್ಯಾಗ ಏನೋ ಅದ," ಅಂದೆ.

"ಮನ್ಯಾಗ ನಾನೂ ಇದ್ದೇನಿ," ಅಂದಳು ಸುನೀತಾ.

ನಾನು ದೊಡ್ಡ ಶಾಣ್ಯಾ, ಜಾಣನ ಹಾಗೆ ಒಗ್ಗರಣೆಯ ಘಾಟು ಅಂದೆ. ಅಲ್ಲಿಂದ ಒಂದು ತಿಂಗಳು ಆಕೆ ಒಗ್ಗರಣೆಯನ್ನೇ ನಿಲ್ಲಿಸಿದಳು. ಸಪ್ಪನೆ ಬೇಳೆ, ಸಪ್ಪನೆ ಪಲ್ಯ. ಮುಳ್ಳು ಕದಲಲಿಲ್ಲ. ನನ್ನವ್ವ ನೇಯಿಸಿ ಕೊಟ್ಟ ಕರಿ ಕಂಬಳಿಯನ್ನು ಊರಿಗೆ ಕಳಿಸಿದೆವು, ಅವ್ವ ಸಿಟ್ಟಾದಳು. ಮುಳ್ಳು ಹತ್ತು ಮೇಲೇರಿ ನಿಂತಿತು, ಅಷ್ಟೇ. ದೀಪಾವಳಿಗೆ ಸುನೀತಾ ಎಂಟು ದಿನ ತವರಿಗೆ ಹೋದಳು. ಮರಳಿ ಬಂದವಳು ಚಪ್ಪಲಿ ಬಿಡುವ ಮೊದಲು ನನ್ನ ಪುಸ್ತಕ ತೆಗೆದು ಆ ಎಂಟು ದಿನದ ಪುಟ ನೋಡಿದಳು.

"ಅಹೋ, ಇಲ್ಲಿ ಬರ್ರಿ. ನಾ ಊರಾಗ ಇರಲಿಲ್ಲ, ಒಲಿ ಹಚ್ಚಿಲ್ಲ. ಇಲ್ಲೂ ಇನ್ನೂರಾ ಎಂಬತ್ತ ಅದ. ಒಗ್ಗರಣಿ ಯಾರ್ ಹಾಕಿದ್ರು ಹೇಳ್ರಿ?"

ಆಕೆ ಸೆರಗು ಸಿಗಿಸಿಕೊಂಡು ಮಲಗುವ ಕೋಣೆಗೆ ನುಗ್ಗಿದಳು. ಹಾಸಿಗೆ ಜಾಡಿಸಿದಳು, ದಿಂಬು ಜಾಡಿಸಿದಳು. ಆಮೇಲೆ ಗೂಟದ ಮೇಲಿನ ಕೋಟಿಗೆ ಅಂಗೈಯಿಂದ ಒಂದು ಏಟು ಕೊಟ್ಟಳು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಆ ಬಿಸಿಲಿನಲ್ಲಿ ಬಿಳಿ ಧೂಳು ಎದ್ದು ನಿಧಾನವಾಗಿ ನನ್ನ ದಿಂಬಿನ ಮೇಲೆ ಇಳಿಯಿತು. ಮಳೆಗಾಲದ ತಂಪಿಗೆ ಕಾಲರಿನ ಒಳಗೆ ಬೂಷ್ಟು ಬೇರೆ ಹಿಡಿದಿತ್ತು. ಅದೇ ವಾಸನೆ, ಭಾಲ್ಕಿಯದು. ವರ್ಷದ ಮೇಲಾಗಿತ್ತು, ಗೋದಾಮಿನಿಂದ ಹೊರಗೆ ಬಂದೆ ಅಂದುಕೊಂಡಿದ್ದ ನಾನು ಅದನ್ನೇ ಹೊತ್ತುಕೊಂಡು ಮಲಗುತ್ತಿದ್ದೆ.

"ಒಗೀತೇನಿ," ಅಂದಳು.

"ಬ್ಯಾಡ. ಆಕಿ ಬರೂ ತನಕ ಒಗೀಬಾರದು."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೋಟನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಬಾಯಿ ಬಿಗಿದು, ನಮ್ಮ ಹೊಲದ ಗುಡಿಸಲಿಗೆ ಕಳಿಸಿದಳು. "ಹಂಗಾದ್ರ ಆಕಿನ್ನ ಕರ್ಕೊಂಡ್ ಬರ್ರಿ," ಅಂದಳು. ಹದಿನೈದು ದಿನದಲ್ಲಿ ಮನೆಯ ಮುಂಜಾನೆ, ಠಾಣೆಯ ಮುಂಜಾನೆ ಎರಡೂ ಒಂದೇ ಆದವು. ಅಂದು ಮಾಡಿದ ಬೇಳೆಗೆ ಆಕೆ ಹಾಕಿದ ಬೆಳ್ಳುಳ್ಳಿ ಒಗ್ಗರಣೆಯ ಘಾಟು ಓಣಿಯ ತುದಿಗೆ ಮುಟ್ಟಿತ್ತು.

ನಾನು ಭಾಲ್ಕಿಗೆ ಹೋದೆ. ಗುಂಡಮ್ಮ ಮನೆಯ ಮುಂದೆ ಹೊರಸಿನ ಮೇಲೆ ಎರಡೂ ಕೈ ಊರಿ ಕೂತಿದ್ದಳು. ಮುರಿದ ಕಾಲು ಎಂದೋ ಕೂಡಿತ್ತು. ಉಸಿರಾಟದ ಸದ್ದು ಮಾತ್ರ ನನಗೆ ಬಾಗಿಲಲ್ಲೇ ಕೇಳಿತು, ನನ್ನದೇ ಸದ್ದು.

"ನಾ ಬಂದ್ರ ಕೋಟ್ ಒಗೀತಾರ ಅಂತ ನಂಗ ಯಾರ್ ಹೇಳ್ಯಾರ ತಮ್ಮಾ?" ಅಂದಳು. "ನಾ ಅಂದ್ಕೊಂಡಿದ್ದೆ, ನೀನ ಬರ್ತಿ ಅಂತ. ಬಸ್ ಸ್ಟ್ಯಾಂಡಿಗೆ ಹೋಗ್ಲಿಕ್ಕ ಮೂರ್ ಕಡಿ ಕೂಡ್ಬೇಕಾಗ್ತದ ನಂಗ."

ಆಕೆಯೂ ಉಸಿರು ಕಟ್ಟಿದಾಗ ಒಂದು ಸೂಜಿ ಮಾಡಿಸಿಕೊಂಡು ಬರುತ್ತಿದ್ದಳು, ಉಳಿದಂತೆ ಏನೂ ಇಲ್ಲ. ಗಂಟೆ ಬಡಿದಾಗಷ್ಟೇ ಓಡುವ ಇನ್ನೊಬ್ಬಳು. ನನಗೆ ನಗು ಬಂತು, ಸಂಕಟವೂ ಆಯಿತು. ಮರುವಾರ ನಾನೇ ಭಾಲ್ಕಿಗೆ ಹೋಗಿ ಆಕೆಯನ್ನು ಬೀದರಿನ ಡಾಕ್ಟರ್ ಬಾಯಿಯ ಹತ್ತಿರ ಕರೆದೊಯ್ದೆ. ಅಲ್ಲಿಂದ ತಿಂಗಳಿಗೊಮ್ಮೆ ಇಬ್ಬರದೂ ಒಂದೇ ದಿನ. ಬಸ್ಸಿನಲ್ಲಿ ನಾವು ಆ ಆರು ತಾಸಿನ ಮಾತು ಆಡಿದೆವು. ಕಲ್ಲಿನ ಮೇಲಿನದು ನಾನು ಹೇಳಿದೆ, ಕಲ್ಲಿನ ಕೆಳಗಿನದು ಅವಳು. ನನ್ನ ಕನಸಿನ ಗೋಡೆಯನ್ನೂ ಅವಳಿಗೇ ಮೊದಲು ಹೇಳಿದ್ದು. "ನಂಗೂ ಬೀಳ್ತದ, ಅದ ಗ್ವಾಡಿ," ಅಂದಳು. ಆಮೇಲೆ ಸುನೀತಾಗೂ ಹೇಳಿದೆ. ಕನಸು ವಾರಕ್ಕೆ ಒಂದಾಯಿತು, ತಿಂಗಳಿಗೆ ಒಂದಾಯಿತು.

ಇಲ್ಲಿಗೆ ಎಲ್ಲ ಸುಗಮವಾಯಿತು ಎಂದರೆ ನಾನು ಶಿವರಾಜನೇ ಅಲ್ಲ. ತೊಗರಿ ರಾಶಿಯ ಕಾಲಕ್ಕೆ ಹೊಲಕ್ಕೆ ಒಕ್ಕುವ ಮಷೀನು ಬಂತು. ಒಂದೇ ತಾಸು ಕೈ ಕೊಡುತ್ತೇನೆ ಎಂದು ಮಾಸ್ಕ್ ಇಲ್ಲದೆ ಹೊಟ್ಟಿನ ಬಾಯಿಗೆ ನಿಂತೆ. ಸಂಜೆಗೆ ಬೀದರಿನ ದವಾಖಾನೆಯಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದೆ. ಮೂರನೇ ದಿನ ಮನೆಗೆ ಬಂದು ಊದಿದರೆ ನೂರಾ ತೊಂಬತ್ತು. ಪುಸ್ತಕ ಮುಚ್ಚಿ ಕಪಾಟಿನ ಮೇಲೆ ಎಸೆದೆ.

"ಸಾಕಾತು ಸುನೀತಾ. ಟೆಲಿಫೋನ ನನ್ ಹಣೀಬರಹ. ಅದ್ರಾಗೇನು ಕಮ್ಮಿ ಅದ?"

ಆಕೆ ಜೋಳದ ಹಿಟ್ಟು ನಾದುತ್ತಿದ್ದಳು. "ಕಮ್ಮಿ ಏನಿಲ್ಲ," ಅಂದಳು. "ಆದ್ರ ಟೆಲಿಫೋನ್ ಇಟ್ಟ ಮ್ಯಾಲ ನೀವು ದಿನಾ ಕಿಟಕ್ಯಾಗ ನಿಂತು ಗಾಡಿ ಹೋದ ದಾರಿ ನೋಡ್ತೀರಿ. ಬುತ್ತಿ ಕೊಡ್ಲಿಕ್ಕ ಬಂದಾಗೆಲ್ಲಾ ನಾ ನೋಡೇನಿ." ಹಿಟ್ಟಿನ ಕೈಯಲ್ಲೇ ಪುಸ್ತಕ ಇಳಿಸಿ ನನ್ನ ಮುಂದಿಟ್ಟಳು. "ಬರೀರಿ. ನೂರಾ ತೊಂಬತ್ತ."

ಬರೆದೆ. ಆ ಪುಟದ ಮೇಲೆ ಇವತ್ತಿಗೂ ಹಿಟ್ಟಿನ ಬೆರಳಿನ ಗುರುತಿದೆ. ಅಲ್ಲಿಂದ ಒಂದು ದಿನವೂ ತಪ್ಪಲಿಲ್ಲ. ಠಾಣೆಯಲ್ಲಿ ಮುಂಜಾನೆ ಹುಡುಗರು ಗಾಡಿ ಸುರು ಮಾಡಿ ಪಂಪು ಹಾಕುವ ಹೊತ್ತಿಗೇ ನನ್ನ ದಿನದ ಇನ್ಹೇಲರ್, ಬಾಯಿ ಮುಕ್ಕಳಿಸುವುದು, ಊದುವುದು. ಊಟ ಹೊತ್ತಿಳಿಯುವ ಮುಂಚೆ. ಫಾಲ್ಗುಣಕ್ಕೆ ಮುನ್ನೂರೆಂಬತ್ತು, ಯುಗಾದಿಗೆ ನಾನೂರು. ಬೇಸಿಗೆಯ ತಂಪು ಹೊತ್ತಿನಲ್ಲಿ ಮರಳಿನ ಚೀಲ ಹೊತ್ತು ಊರ ನೀರಿನ ಟಾಕಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಸೀಟಿಯ ತಾಲೀಮು ಮಾತ್ರ ಹೊಲದಲ್ಲಿ. ನನ್ನ ಸೀಟಿಗೆ ಕುರಿಗಳು ದಿಕ್ಕಾಪಾಲಾಗಿ ಓಡುತ್ತಿದ್ದವು, ಅವ್ವ ಕೋಲು ಹಿಡಿದು ನನ್ನ ಹಿಂದೆ ಬರುತ್ತಿದ್ದಳು. ಆ ವರ್ಷ ಅವಳಿಂದ ತಿಂದ ಬೈಗುಳ ಚಿಕ್ಕಂದಿನಲ್ಲಿಯೂ ತಿಂದಿರಲಿಲ್ಲ.

ಮಿರಗ ಬಂತು. ಪರೀಕ್ಷೆಯ ದಿನ ಬೀದರ್ ಠಾಣೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಬಾಬುಮಿಯಾ ಕುರ್ಚಿಯ ಮೇಲೆ ಕೂತಿದ್ದರು. ಬೀಡಿ ಬಿಟ್ಟಿದ್ದರು, ಆದರೆ ಬಿಟ್ಟದ್ದು ಮೊನ್ನಿನ ಚಳಿಗಾಲಕ್ಕಷ್ಟೇ. ಡಾಕ್ಟರಿಗೆ ತೋರಿಸಿದ್ದೂ ಆಗಲೇ. ಗೋಪುರ ಹತ್ತುವ ಸರದಿಯಲ್ಲಿ ಅವರ ಹೆಸರಿರಲಿಲ್ಲ. "ನಾ ಭಾಳ ತಡಾ ಮಾಡ್ದೆ ಬೇಟಾ," ಅಂದರು. "ನೀ ಹತ್ತು. ನನ್ ಪಾಲಿಂದೂ ಹತ್ತು."

ಸರದಿ ಬರುವ ಮೊದಲು ಗೇಟಿನ ಕಡೆ ಗದ್ದಲವಾಯಿತು. ಬಸ್ ಸ್ಟ್ಯಾಂಡಿನಿಂದ ಸುನೀತಾ, ಅವಳ ಕೈಯಲ್ಲಿ ಗೊಬ್ಬರದ ಚೀಲ. ಅವಳ ಪಕ್ಕದಲ್ಲಿ, ಯಾರ ಕೈಯನ್ನೂ ಹಿಡಿಯದೆ, ಹಸಿರು ಇಳಕಲ್ ಸೀರೆ ಉಟ್ಟ ಗುಂಡಮ್ಮ. ಕೋಟಿನ ಧೂಳಿನ ಕತೆಯನ್ನೂ ಗುಂಡಮ್ಮನ ಉಸಿರಿನ ಕತೆಯನ್ನೂ ನನ್ನಿಂದ ಕೇಳಿದ್ದ ಬಾಬುಮಿಯಾ ಎದ್ದು ನಿಂತರು.

"ಎಷ್ಟ್ ಕಡಿ ಕೂತೀರವ್ವಾ?" ಎಂದು ಕೇಳಿದರು.

"ಎಲ್ಲೂ ಕೂತಿಲ್ಲ," ಅಂದಳು.

ಬಾಬುಮಿಯಾ ಚೀಲ ಇಸಿದುಕೊಂಡು ಅಂಗಳದ ಮೂಲೆಗೆ ಹೋಗಿ, ಕೋಟನ್ನು ಕಲ್ಲಿನ ಮೇಲೆ ಹರವಿ, ಗಾಡಿಯ ಪೈಪಿನಿಂದ ನೀರು ಬಿಡಿಸಿದರು. ಬಿಳಿ ನೀರು ಹರಿದು ಬೇವಿನ ಬುಡಕ್ಕೆ ಹೋಯಿತು. ನೀರು ತಿಳಿಯಾಗುವವರೆಗೆ ನಿಂತಿದ್ದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇವತ್ತಿಂದ ಈ ರಿವಾಜು ಬಂದ್. ಕೋಟ್ ಅವತ್ತಿಂದ ಅವತ್ತ ಒಗೀಬೇಕು, ಮನಿಗೆ ಒಯ್ಯೂದಿಲ್ಲ. ನಾ ಹೇಳ್ತೇನಿ." ನಮ್ಮ ಠಾಣೆಯಲ್ಲಿ ಈಗಲೂ ಅದೇ ನಡೆಯುತ್ತದೆ.

ನನ್ನ ಹೆಸರು ಕೂಗಿದರು. ಪೈಪಿನ ಸುರುಳಿ ಹೆಗಲಿಗೇರಿಸಿ ಏಣಿಗೆ ಕಾಲಿಟ್ಟೆ. ಮೊದಲನೇ ಅಂತಸ್ತು, ಎರಡನೇದು. ಮೂರನೇದರಲ್ಲಿ ಹಳೆಯ ಭಯ ಬಂತು. ಇಲ್ಲೇ ಅಲ್ಲವೇ ಹೋದ ವರ್ಷ ಕಣ್ಣು ಕತ್ತಲೆ ಬಂದದ್ದು. ನಿಂತು, ಡಾಕ್ಟರ್ ಬಾಯಿ ಕಲಿಸಿದ ಹಾಗೆ ತುಟಿ ಸಣ್ಣ ಮಾಡಿ ಉಸಿರು ಬಿಟ್ಟೆ. ಎದೆಯೊಳಗೆ ಬೆಕ್ಕು ಇರಲಿಲ್ಲ. ಹತ್ತಿದೆ. ತುದಿಯಲ್ಲಿ ಸುರುಳಿ ಇಳಿಸಿದಾಗ ಮಿರಗದ ಗಾಳಿ ಮುಖಕ್ಕೆ ಬಡಿಯಿತು, ದೂರದಲ್ಲಿ ಕೋಟೆಯ ಮೇಲೆ ಮೋಡ ಕೂಡುತ್ತಿತ್ತು. ಸೀಟಿ ತುಟಿಗಿಟ್ಟೆ.

ಮೂರು ಸಲ ಊದಿದೆ. ಕೋಟೆಗೂ ಕೇಳಿಸುವ ಹಾಗೆ ಊದಿದೆ. ಬೇವಿನ ಮರದ ಗಿಳಿಗಳೆಲ್ಲ ಹಾರಿಹೋದವು.

ಸೀಟಿ ಕೇಳಿದ ಮೇಲೆ ಸುಮ್ಮನಾಗುವುದು ನಮ್ಮವರಿಗೆ ಮೈಗೂಡಿದ ಅಭ್ಯಾಸ. ಯಾರೋ ಗಾಡಿಯ ಇಂಜಿನ್ ನಿಲ್ಲಿಸಿದರು. ಸಾಹೇಬರು ಬರೆಯುತ್ತಿದ್ದ ಪೆನ್ನು ಎತ್ತಿ ಹಿಡಿದರು. ಆಗ ಕೆಳಗೆ ಗೇಟಿನ ಹತ್ತಿರ ಗುಂಡಮ್ಮ ಸೆರಗಿನೊಳಗಿನಿಂದ ಏನೋ ತೆಗೆದಳು. ಬೇಳೆ ಅಳೆಯುವ ಸೇರು, ಒಂದು ಬದಿ ಚಪ್ಪಟೆಯಾದದ್ದು. ಅದರಿಂದ ಕಬ್ಬಿಣದ ಗೇಟಿಗೆ ಬಡಿದಳು.

ಟಕ್, ಟಕ್, ಟಕ್.